ಮಗುಚಿದರೂ ಮುರಿಯದ ಹಿತ್ತಾಳೆ ಪಂಜರ

ಶಿವಮೊಗ್ಗ: ಆಟದ ಕಾರಿಗೆ ಪಂಜರ ಕಟ್ಟುವುದೂ ಒಂದು ಸುದ್ದಿಯೇ ಎಂದು ಮೂಗು ಮುರಿಯುವವರು ಧಾರಾಳವಾಗಿ ಮುರಿಯಲಿ. ಬಸ್ಸಿಗೆ ಇನ್ನೂ ಹೊತ್ತಿದ್ದರೆ, ಅಂಗಡಿಯಲ್ಲಿ ಗಿರಾಕಿ ಕಮ್ಮಿಯಿದ್ದರೆ ಇದನ್ನು ಪೂರ್ತಿ ಓದಿ. ಅಂಗಡಿಯ ಕಬ್ಬಿಣದ ರ‍್ಯಾಕು ಯಾಕೆ ಅಲುಗಾಡುತ್ತೆ, ಟಾಪಿನ ಮೇಲೆ ಲಗೇಜು ಹೇರಿದ ಬಸ್ಸು ತಿರುವಿನಲ್ಲಿ ಯಾಕೆ ವಾಲುತ್ತೆ ಎಂಬ ಎರಡು ಪ್ರಶ್ನೆಗೂ ಈ ಒಂದೂವರೆ ಅಡಿ ಉದ್ದದ ಕಾರಿನಲ್ಲಿ ಉತ್ತರವಿದೆ. ಜೊತೆಗೆ, ಸದ್ದಿಲ್ಲದೆ ಬಾಗಿಲು ಹಾಕುತ್ತಿರುವ ಒಂದು ಕಸುಬಿನ ಸಂಕಟವೂ ಇದೆ.

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ನಮ್ಮ ಊರಿನವರಿಗೆ ಹೊಸದಲ್ಲ. ಲಾರಿ ಕೆಡಲಿ, ಟ್ರ್ಯಾಕ್ಟರ್ ಕೆಡಲಿ, ಜನ ಹೋಗುವುದು ಅಲ್ಲಿಗೇ. ಅಲ್ಲಿಯ ಒಂದು ರೇಡಿಯೇಟರ್ ರಿಪೇರಿ ಅಂಗಡಿಯ ಮುಂದೆ ಈಚೆಗೆ ಸಂಜೆ ಹೊತ್ತು ಡಿಪ್ಲೊಮಾ ಓದುವ ಹುಡುಗರು ಸೇರುತ್ತಾರೆ. ಕೈಯಲ್ಲಿ ಪುಸ್ತಕವಿಲ್ಲ. ಬದಲಿಗೆ ಹಿತ್ತಾಳೆ ಕೊಳವೆ, ಸೈಕಲ್ ಕಡ್ಡಿ, ಒಂದು ಬೋಳು ಕಾರು. ಮೇಸ್ತ್ರಿ ಬೈಯುತ್ತಲೇ ಬೆಸುಗೆ ಹಾಕಿ ಕೊಡುತ್ತಾರೆ. ಹುಡುಗರು ಬೈಸಿಕೊಳ್ಳುತ್ತಲೇ ಕಲಿಯುತ್ತಾರೆ.

ಹೆಸರು ಕೇಳಿದರೆ ಹುಡುಗ ಕೈ ಮುಗಿದ. "ಹಾಕ್ಬೇಡಿ ಸಾರ್, ಓದೋ ಟೈಮಲ್ಲಿ ಇದೇನು ಅಂತ ಮನೇಲಿ ಬೈತಾರೆ." ಮೇಸ್ತ್ರಿಯೂ ಅಷ್ಟೆ. "ಕೆಲಸದ ಬಗ್ಗೆ ಬರೀರಿ ಮಾರಾಯ್ರೆ, ಹೆಸರು ಕಟ್ಕೊಂಡು ಏನ್ಮಾಡ್ತೀರಿ?"

ಸರಿ, ಕೆಲಸದ ಬಗ್ಗೆಯೇ ಬರೆಯೋಣ.

ಇದು ಜಾತ್ರೆ ಕಾರಲ್ಲ

ಜಾತ್ರೆಯಲ್ಲಿ ಮಾರುವ ರಿಮೋಟ್ ಕಾರು ಎರಡು ದಿನ ಓಡಿ ಮೂರನೇ ದಿನ ಅಟ್ಟ ಸೇರುತ್ತದೆ. ಇದು ಬೇರೆ ಜಾತಿ. ನಿಜವಾದ ಜೀಪಿನ ಹತ್ತನೇ ಒಂದು ಪಾಲು ಅಳತೆ. ಒಳಗೆ ಮೋಟಾರು, ಗೇರು, ಆಕ್ಸಲ್, ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎಲ್ಲವೂ ಉಂಟು. ಕೆಟ್ಟ ಭಾಗ ಬಿಚ್ಚಿ ಹೊಸದು ಹಾಕಬಹುದು. ಕೈಯಲ್ಲಿ ಹಿಡಿದ ರೇಡಿಯೋ ಪೆಟ್ಟಿಗೆಯಿಂದ ಓಡಿಸುವುದು. ಈಗಿನವು ೨.೪ ಗಿಗಾಹರ್ಟ್ಸ್ ತರಂಗದಲ್ಲಿ ಕೆಲಸ ಮಾಡುತ್ತವೆ. ಅಷ್ಟು ಸಣ್ಣ ಶಕ್ತಿಯ ಉಪಕರಣಕ್ಕೆ ಲೈಸೆನ್ಸ್ ಬೇಡವೆಂದು ಕೇಂದ್ರ ಸರ್ಕಾರ ೨೦೦೫ರಲ್ಲೇ ನಿಯಮ ಮಾಡಿದೆ. ಹಾಗಾಗಿ ಪೊಲೀಸರ ಭಯ ಬೇಕಿಲ್ಲ.

ಈ ಹವ್ಯಾಸ ಹಬ್ಬಿದ್ದರಲ್ಲಿ ಜಪಾನಿನ ತಮಿಯಾ ಕಂಪನಿಯ ಪಾಲು ದೊಡ್ಡದು. ೧೯೭೬ರಲ್ಲಿ ಅದು ಪೋರ್ಷೆ ೯೩೪ ಎಂಬ ರೇಸ್ ಕಾರಿನ ರೇಡಿಯೋ ಮಾದರಿ ತಂದಿತು. ೧೯೭೯ರಲ್ಲಿ ಮಣ್ಣು-ಮರಳಿನಲ್ಲಿ ಓಡುವ ಬಗ್ಗಿ ಬಂದವು. ೧೯೮೫ರ ವೈಲ್ಡ್ ಒನ್ ಎಂಬ ಮಾದರಿಯಲ್ಲಿ ಚಾಲಕ ಬೊಂಬೆಯ ಸುತ್ತ ಪಂಜರವೇ ಎದ್ದು ಕಾಣುತ್ತಿತ್ತು. ೨೦೧೧ರಲ್ಲಿ ಅಮೆರಿಕದ ಆಕ್ಸಿಯಲ್ ಕಂಪನಿ ರೈತ್ ಎಂಬ ಬಂಡೆ ಹತ್ತುವ ಕಾರು ತಂದಾಗ ಅದಕ್ಕೆ ಮೈಯೂ ಪಂಜರವೇ, ಬೆನ್ನೆಲುಬೂ ಪಂಜರವೇ ಆಗಿತ್ತು. ಅದನ್ನು ನೋಡಿದ ಹುಡುಗರಿಗೆ ಕೈ ತುರಿಸದೆ ಇರುತ್ತದೆಯೇ?

ಮಾಮೂಲಿ ಕಾರುಗಳಿಗೆ ಮೇಲೆ ಕೂರಿಸುವುದು ಪಾಲಿಕಾರ್ಬೊನೇಟ್ ಎಂಬ ತೆಳು ಪ್ಲಾಸ್ಟಿಕ್ ಚಿಪ್ಪು. ಬಗ್ಗುತ್ತದೆ, ಸುಲಭಕ್ಕೆ ಒಡೆಯುವುದಿಲ್ಲ. ಆದರೆ ಕಲ್ಲಿನ ಮೇಲೆ ಹತ್ತು ಸಲ ಉರುಳಿದರೆ ಮೂಲೆ ಸೀಳುತ್ತದೆ, ಸ್ಕ್ರೂ ತೂತು ಹರಿಯುತ್ತದೆ. ಹೊಸ ಚಿಪ್ಪು ನಮ್ಮ ಗಾಂಧಿ ಬಜಾರಿನಲ್ಲಿ ಸಿಗುವ ಮಾಲಲ್ಲ. ಹೊರಗಿನಿಂದ ತರಿಸಬೇಕು, ಬರುವ ತನಕ ಕಾಯಬೇಕು. ಅದಕ್ಕೇ ಪಂಜರದ ಯೋಚನೆ.

ಮೊದಲ ಪಂಜರ ಮಲಗಿತು

ಹುಡುಗ ಮೊದಲು ತಾನೇ ಕಟ್ಟಿದ. ಗಟ್ಟಿ ಇರಲಿ ಎಂದು ನಾಲ್ಕು ಮಿಲಿಮೀಟರ್ ದಪ್ಪದ ತುಂಬು ಹಿತ್ತಾಳೆ ಸರಳು ತಂದ. ನಾಲ್ಕು ಕಂಬ ನಿಲ್ಲಿಸಿ, ಮೇಲೆ ಚೌಕಟ್ಟು ಇಟ್ಟು, ಮೂಲೆಗೆ ಬೆಸುಗೆ ಹಾಕಿದ. ನೋಡುವುದಕ್ಕೆ ಆನೆ ಬಲ. ತುಂಗಾ ದಡದ ಕಲ್ಲಿನ ಮೇಲೆ ಬಿಟ್ಟ. ಮೂರನೇ ಕಲ್ಲಿಗೇ ಕಾರು ಪಕ್ಕಕ್ಕೆ ಮಗುಚಿತು. ಎತ್ತಿ ನೋಡಿದರೆ ಪಂಜರ ಒಂದು ಕಡೆಗೆ ವಾಲಿ, ಗಾಳಿಗೆ ಓರೆಯಾದ ಚಪ್ಪರದಂತೆ ಮಲಗಿತ್ತು. ಸರಳು ಒಂದೂ ಮುರಿದಿರಲಿಲ್ಲ, ಸೋತದ್ದು ಮೂಲೆಗಳು.

ಅದನ್ನು ಎತ್ತಿಕೊಂಡು ಮೇಸ್ತ್ರಿ ಹತ್ತಿರ ಬಂದ. ಮೇಸ್ತ್ರಿ ನೋಡಿ ನಕ್ಕರು. "ತಮ್ಮಾ, ನಿಮ್ಮನೆ ಗೇಟಿಗೆ ಒಂದು ಓರೆ ಪಟ್ಟಿ ಇರುತ್ತಲ್ಲ, ಅದು ಚೆಂದಕ್ಕೆ ಅಂದ್ಕೊಂಡಿದ್ಯಾ?"

ಇಷ್ಟೇ ವಿಷಯ. ನಾಲ್ಕು ಕಡ್ಡಿ ಸೇರಿಸಿ ಚೌಕ ಮಾಡಿ, ಮೂಲೆ ಹಿಡಿದು ಒತ್ತಿ. ಚೌಕ ಓರೆಯಾಗಿ ಮಡಚಿಕೊಳ್ಳುತ್ತದೆ. ಅದೇ ಮೂರು ಕಡ್ಡಿಯ ತ್ರಿಕೋನ ಮಾಡಿ ಒತ್ತಿ ನೋಡಿ. ಕಡ್ಡಿ ಮುರಿಯಬೇಕು, ಇಲ್ಲವೇ ಬೆಸುಗೆ ಬಿಡಬೇಕು. ಆಕಾರ ಮಾತ್ರ ಬದಲಾಗುವುದಿಲ್ಲ. ಚೌಕಕ್ಕೆ ಒಂದು ಓರೆ ಕಡ್ಡಿ ಹಾಕಿದರೆ ಅದು ಎರಡು ತ್ರಿಕೋನವಾಯಿತು. ಅಂಗಡಿ ಮಾಲೀಕರಿಗೆ ಇದು ಗೊತ್ತಿರುವ ಸಂಗತಿಯೇ. ತೂತುಪಟ್ಟಿಯ ರ‍್ಯಾಕು ಅಲುಗಾಡಿದಾಗ ಬೋಲ್ಟು ಎಷ್ಟು ಬಿಗಿ ಮಾಡಿದರೂ ಸಾಲದು. ಹಿಂದುಗಡೆ ಮೂಲೆಯಿಂದ ಮೂಲೆಗೆ ಒಂದು ತೆಳು ಪಟ್ಟಿ ಹಾಕಿದರೆ ಕಂಬದಂತೆ ನಿಲ್ಲುತ್ತದೆ. ಗಟ್ಟಿತನ ದಪ್ಪದಲ್ಲಿಲ್ಲ, ಕಡ್ಡಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದರಲ್ಲಿದೆ.

ತೂಕದ ಲೆಕ್ಕ

ಮುರಿದದ್ದರ ಕಾರಣ ತಿಳಿಯಿತು. ಮಗುಚಿದ್ದು ಯಾಕೆ? ಅದಕ್ಕೆ ತಕ್ಕಡಿ ಬೇಕು.

ಇಂಥ ಪಂಜರಕ್ಕೆ ಎಲ್ಲ ಸೇರಿ ಐದು ಮೀಟರ್ ಕಡ್ಡಿ ಹಿಡಿಯುತ್ತದೆ ಎನ್ನೋಣ. ನಾಲ್ಕು ಮಿಲಿಮೀಟರ್ ತುಂಬು ಹಿತ್ತಾಳೆ ಸರಳಾದರೆ ತೂಕ ಅರ್ಧ ಕಿಲೋ ದಾಟುತ್ತದೆ. ಅದೇ ನಾಲ್ಕು ಮಿಲಿಮೀಟರಿನ ಕೊಳವೆ, ಗೋಡೆ ಅರ್ಧ ಮಿಲಿಮೀಟರ್ ದಪ್ಪದ್ದಾದರೆ ತೂಕ ಸುಮಾರು ೨೩೫ ಗ್ರಾಂ. ಅಂದರೆ ಅರ್ಧಕ್ಕಿಂತ ಕಮ್ಮಿ. ಆದರೆ ಬಗ್ಗದೆ ನಿಲ್ಲುವ ಶಕ್ತಿ ಮೂರರಲ್ಲಿ ಎರಡು ಪಾಲು ಉಳಿದೇ ಇರುತ್ತದೆ. ಬಿದಿರು ಟೊಳ್ಳಾಗಿದ್ದೂ ಮಲೆನಾಡಿನ ಗಾಳಿಗೆ ಯಾಕೆ ನಿಲ್ಲುತ್ತದೆ ಎಂದು ಈಗ ಗೊತ್ತಾಯಿತಲ್ಲ. ಬಗ್ಗುವಾಗ ಜೋರೆಲ್ಲ ಬೀಳುವುದು ಹೊರಗಿನ ಪದರದ ಮೇಲೆ, ನಡುವಿನದು ಸುಮ್ಮನೆ ಹೊರೆ.

ಈ ಹೊರೆ ಕೂರುವುದು ಮೇಲುಗಡೆ. ಕಾರಿನ ತೂಕ ಎರಡು ಕಿಲೋ, ಎಡ-ಬಲ ಗಾಲಿಗಳ ನಡುವೆ ೨೦ ಸೆಂಟಿಮೀಟರ್, ತೂಕದ ನಡುಬಿಂದು ನೆಲದಿಂದ ೭ ಸೆಂಟಿಮೀಟರ್ ಎತ್ತರ ಎಂದಿಟ್ಟುಕೊಳ್ಳಿ. ಸ್ಪ್ರಿಂಗ್ ಕುಗ್ಗುವುದನ್ನು ಬಿಟ್ಟು ಲೆಕ್ಕ ಹಾಕಿದರೆ ಈ ಕಾರು ಪಕ್ಕಕ್ಕೆ ಸುಮಾರು ೫೫ ಡಿಗ್ರಿ ವಾಲುವ ತನಕ ಮಗುಚುವುದಿಲ್ಲ. ೧೮ ಸೆಂಟಿಮೀಟರ್ ಎತ್ತರದಲ್ಲಿ ಅರ್ಧ ಕಿಲೋ ಪಂಜರ ಕೂರಿಸಿ. ಈಗ ೪೭ ಡಿಗ್ರಿಗೇ ಮಗುಚುತ್ತದೆ. ಕೊಳವೆ ಪಂಜರವಾದರೆ ೫೧ ಡಿಗ್ರಿ. ಬೀಳದಂತೆ ಕಾಯಲು ಹಾಕಿದ ಪಂಜರವೇ ಬೀಳಿಸುವುದಾದರೆ ಏನು ಬಂತು?

ಬಸ್ಸಿನ ಟಾಪಿನ ಮೇಲೆ ಅಡಿಕೆ ಮೂಟೆ ಹೇರಿಕೊಂಡು ಘಟ್ಟ ಇಳಿಯುವಾಗ ಪ್ರಯಾಣಿಕರ ಎದೆ ಯಾಕೆ ಹೊಡೆದುಕೊಳ್ಳುತ್ತದೆ ಎಂಬುದಕ್ಕೂ ಇದೇ ಲೆಕ್ಕ. ಅದೇ ಮೂಟೆ ಕೆಳಗಿನ ಡಿಕ್ಕಿಯಲ್ಲಿದ್ದರೆ ಬಸ್ಸು ಅಷ್ಟು ವಾಲುವುದಿಲ್ಲ.

ಕಟ್ಟುವ ಕ್ರಮ

ಎರಡನೇ ಪಂಜರ ಮೇಸ್ತ್ರಿಯ ಕಣ್ಗಾವಲಿನಲ್ಲಿ ಎದ್ದಿತು. ಮಾಡಿದ ರೀತಿ ಹೀಗಿದೆ. ಆಸಕ್ತರು ಗುರುತು ಹಾಕಿಕೊಳ್ಳಬಹುದು.

ಮೊದಲು ಅಳತೆ. ಕಾರಿನ ಚಿಪ್ಪು ತೆಗೆದು, ಸ್ಪ್ರಿಂಗನ್ನು ಪೂರ್ತಿ ಅದುಮಿ, ಮುಂದಿನ ಗಾಲಿಯನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಬೇಕು. ಟೈರು ಎಲ್ಲಿಯ ತನಕ ಬರುತ್ತದೋ ಅದರಿಂದಾಚೆಗೆ ಪಂಜರದ ಕಡ್ಡಿ. ಇದನ್ನು ಮರೆತವರ ಟೈರು ಪಂಜರಕ್ಕೆ ಉಜ್ಜಿ, ಸವೆದು ಹೋಗುತ್ತದೆ.

ಆಮೇಲೆ ಕಾಗದದ ಮೇಲೆ ನಿಜ ಅಳತೆಯಲ್ಲೇ ಚಿತ್ರ. ಅದನ್ನು ಪ್ಲೈವುಡ್ ಹಲಗೆಗೆ ಅಂಟಿಸಿ, ಗೆರೆಯ ಎರಡೂ ಬದಿಗೆ ಸಣ್ಣ ಮೊಳೆ ಹೊಡೆಯುವುದು. ಇದೇ ಅಚ್ಚು. ಎಡಗಡೆಯದನ್ನೂ ಬಲಗಡೆಯದನ್ನೂ ಇದೇ ಮೊಳೆಗಳ ನಡುವೆ ಕೂರಿಸಿ ಕಟ್ಟಿದರೆ ಎರಡೂ ಅವಳಿ-ಜವಳಿ. ಕಣ್ಣಳತೆಯಲ್ಲಿ ಕಟ್ಟಿದರೆ ಒಂದು ಉದ್ದ, ಒಂದು ಗಿಡ್ಡ.

ಕೊಳವೆ ಬಗ್ಗಿಸುವುದು ನಾಜೂಕಿನ ಕೆಲಸ. ಹಾಗೇ ಬಗ್ಗಿಸಿದರೆ ಒಳಕ್ಕೆ ಚಪ್ಪಟೆಯಾಗಿ ಮುರುಟುತ್ತದೆ. ಬಗ್ಗುವ ಜಾಗವನ್ನು ಮಾಸಲು ಕೆಂಪಾಗುವ ತನಕ ಕಾಯಿಸಿ ಆರಲು ಬಿಟ್ಟರೆ ಹಿತ್ತಾಳೆ ಮೆತ್ತಗಾಗುತ್ತದೆ. ಒಳಗೆ ಒಣಗಿದ ಸಣ್ಣ ಮರಳು ಗಟ್ಟಿಯಾಗಿ ತುಂಬಿ, ಎರಡೂ ತುದಿ ಮುಚ್ಚಿ, ದಪ್ಪ ಬೋಲ್ಟಿನ ಸುತ್ತ ನಿಧಾನಕ್ಕೆ ಎಳೆದರೆ ಗುಂಡಗೆ ತಿರುಗುತ್ತದೆ. ಮರಳು ಹಸಿ ಇರಬಾರದು. ಹಸಿ ಮರಳು ತುಂಬಿದ ಮೇಲೆ ಮತ್ತೆ ಕಾಯಿಸಿದರೆ ಆವಿ ಸಿಡಿಯುತ್ತದೆ.

ಒಂದು ಕೊಳವೆ ಇನ್ನೊಂದಕ್ಕೆ ಸೇರುವ ಕಡೆ ತುದಿಯನ್ನು ನೇರ ಕತ್ತರಿಸಿ ಇಟ್ಟರೆ ಬೆಸುಗೆ ಹಿಡಿಯಲು ಜಾಗವಿಲ್ಲ. ಗುಂಡು ಅರದಿಂದ ತುದಿಯನ್ನು ಅರ್ಧಚಂದ್ರದಂತೆ ಉಜ್ಜಿ, ಇನ್ನೊಂದು ಕೊಳವೆಯನ್ನು ಅಪ್ಪಿಕೊಳ್ಳುವಂತೆ ಕೂರಿಸಬೇಕು. ಎಮರಿ ಪೇಪರಿನಲ್ಲಿ ಹೊಳೆಯುವ ತನಕ ತಿಕ್ಕಬೇಕು. "ಬೆರಳಿನ ಜಿಡ್ಡು ತಾಗಿದ್ರೂ ಬೆಸುಗೆ ಕೂರಲ್ಲ" ಎನ್ನುತ್ತಾರೆ ಮೇಸ್ತ್ರಿ.

ಬೆಸುಗೆಯಲ್ಲಿ ಎರಡು ಬಗೆ. ತವರ-ಸೀಸದ ಮೆತ್ತನೆ ಬೆಸುಗೆ ೧೯೦ ಡಿಗ್ರಿ ಆಸುಪಾಸಿನಲ್ಲೇ ಕರಗುತ್ತದೆ. ಹಿತ್ತಾಳೆ ಕರಗಲು ೯೦೦ ಡಿಗ್ರಿ ಬೇಕು, ಹಾಗಾಗಿ ಕೆಲಸ ಸುಲಭ. ಆದರೆ ಪೆಟ್ಟು ಬೀಳುವ ಮುಖ್ಯ ಕಮಾನಿಗೆ ಇದು ಸಾಲದು. ಅಲ್ಲಿಗೆ ಅಕ್ಕಸಾಲಿಗರು ಬಳಸುವ ಬೆಳ್ಳಿ ಬೆಸುಗೆಯೇ ಸರಿ, ಜೊತೆಗೆ ಬಿಳಿಗಾರ. ಮುಖ್ಯ ಕಮಾನುಗಳಿಗೆ ಮೊದಲು ಬೆಳ್ಳಿ ಬೆಸುಗೆ, ಆಮೇಲೆ ಸಣ್ಣ ಕಡ್ಡಿಗಳಿಗೆ ತವರದ ಬೆಸುಗೆ. ಈ ಕ್ರಮ ತಪ್ಪಿದರೆ ಎರಡನೆಯದನ್ನು ಹಾಕುವ ಬಿಸಿಗೆ ಮೊದಲನೆಯದು ಉದುರುತ್ತದೆ. ಪಕ್ಕದ ಸಂದಿಗೆ ಒದ್ದೆ ಬಟ್ಟೆ ಸುತ್ತಿಕೊಂಡೇ ಮುಂದಿನ ಸಂದಿಗೆ ಕಾಯಿಸುವುದು.

ಓರೆ ಕಡ್ಡಿಗೆ ದಪ್ಪ ಕೊಳವೆ ಬೇಡ. ಎರಡು ಮಿಲಿಮೀಟರಿನ ಸೈಕಲ್ ಕಡ್ಡಿ ಸಾಕು. ಚಾವಣಿಗೆ ಒಂದು, ಬೆನ್ನಿನ ಕಡೆ ಒಂದು, ಎರಡೂ ಬದಿಗೆ ಒಂದೊಂದು. ಎಲ್ಲಿ ನಾಲ್ಕು ಮೂಲೆಯ ಖಾಲಿ ಚೌಕ ಕಾಣುತ್ತದೋ ಅಲ್ಲಿ ಓರೆ ಹಾಕು ಎಂಬುದೇ ಮೇಸ್ತ್ರಿಯ ಪಾಠ. ಕಡ್ಡಿಗಳೆಲ್ಲ ಸಂದಿಗೇ ಬಂದು ಸೇರಬೇಕು. ನಡುಗೊಳವೆಗೆ ಬಂದು ಕುಟ್ಟಿದರೆ ಕೊಳವೆಯೇ ಬಗ್ಗುತ್ತದೆ.

ಕೊನೆಗೆ ತೊಳೆಯುವುದು. ಸತು ಕರಗಿಸಿದ ಆಸಿಡ್ ಹಚ್ಚಿ ಬೆಸೆದಿದ್ದರೆ ಸೋಪು ನೀರಿನಲ್ಲಿ ಚೆನ್ನಾಗಿ ತಿಕ್ಕಲೇಬೇಕು. ಇಲ್ಲವಾದರೆ ಸೈಕಲ್ ಕಡ್ಡಿ ತುಕ್ಕು ಹಿಡಿಯುತ್ತದೆ, ಬಣ್ಣ ಏಳುತ್ತದೆ.

ಎಚ್ಚರಿಕೆ ನಾಲ್ಕು ಮಾತು

ತಂದೆ-ತಾಯಂದಿರು ಗಮನಿಸಿ. ಈ ಕಾರುಗಳ ಲಿಥಿಯಂ ಬ್ಯಾಟರಿ ಸಣ್ಣದಾದರೂ ಪುಂಡ. ಪಂಜರ ಲೋಹದ್ದು. ಬ್ಯಾಟರಿ ತಂತಿಯ ಮೇಲಿನ ರಬ್ಬರು ಕಡ್ಡಿಗೆ ಉಜ್ಜಿ ಹರಿದು ಶಾರ್ಟ್ ಆದರೆ ಬೆಂಕಿಯೇ. ತಂತಿ ಹಾಯುವ ಕಡೆಯೆಲ್ಲ ಪ್ಲಾಸ್ಟಿಕ್ ತೋಳು ಹಾಕಬೇಕು. ಬ್ಯಾಟರಿ ತೆಗೆಯಲು ಪಂಜರ ಸಲೀಸಾಗಿ ಬಿಚ್ಚುವಂತಿರಬೇಕು. ನಾಲ್ಕೇ ಸ್ಕ್ರೂ ಸಾಕು.

ರೇಡಿಯೋ ತಂತಿಯ ತುದಿ ಮೂರು ಸೆಂಟಿಮೀಟರ್ ಚಿಲ್ಲರೆ ಇರುತ್ತದೆ. ಅದನ್ನು ಹಿತ್ತಾಳೆಗೆ ಅಂಟಿಸಿ ಇಟ್ಟರೆ ಸಂಕೇತ ಸರಿಯಾಗಿ ಸಿಗದೆ ಕಾರು ದೂರ ಹೋದಾಗ ಕೈ ಕೊಡುತ್ತದೆ. ಸಣ್ಣ ಪ್ಲಾಸ್ಟಿಕ್ ಕೊಳವೆಯಲ್ಲಿ ತೂರಿಸಿ ಪಂಜರದ ಹೊರಗೆ ನೆಟ್ಟಗೆ ನಿಲ್ಲಿಸಬೇಕು.

ಅಗ್ಗವೆಂದು ಜಿ.ಐ. ತಂತಿ ಕಾಯಿಸಬೇಡಿ. ಅದರ ಮೇಲಿನ ಸತು ಹೊಗೆಯಾಗಿ ಎದೆಗೆ ಹೋದರೆ ರಾತ್ರಿ ಜ್ವರ ಬರುತ್ತದೆ. ಸೀಸದ ಬೆಸುಗೆ ಮುಟ್ಟಿದ ಕೈ ತೊಳೆಯದೆ ಬೋಂಡಾ ತಿನ್ನಬೇಡಿ.

ನಾಲ್ಕನೆಯದು ದೊಡ್ಡವರಿಗೆ. ಆಟದ ಕಾರಿನಲ್ಲಿ ಚೆಂದ ಕಂಡಿತೆಂದು ಮನೆಯ ಜೀಪಿಗೆ ಪಂಜರ ಬೆಸೆಯಲು ಹೊರಡಬೇಡಿ. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೇ ಕಲಮು ಕಂಪನಿ ಕೊಟ್ಟ ರೂಪವನ್ನು ಮನಬಂದಂತೆ ಬದಲಿಸುವುದಕ್ಕೆ ಅಡ್ಡ ಬರುತ್ತದೆ. ಮೇಲಾಗಿ ರೇಸಿನವರು ತಲೆಗೆ ಹೆಲ್ಮೆಟ್ಟು, ಮೈಗೆ ಬಿಗಿ ಬೆಲ್ಟು ಹಾಕಿಕೊಂಡು ಪಂಜರದೊಳಗೆ ಕೂರುತ್ತಾರೆ. ಬರಿದಲೆಯಲ್ಲಿ ಕೂತವರಿಗೆ ಅದೇ ಉಕ್ಕಿನ ಕೊಳವೆ ಹಣೆಗೆ ಬಡಿಯುತ್ತದೆ.

ಆಟಕ್ಕೂ ನಿಜಕ್ಕೂ ಅಂತರ

ಹತ್ತನೇ ಒಂದು ಅಳತೆಯ ಕಾರು ತನ್ನ ಎತ್ತರಕ್ಕಿಂತ ನಾಲ್ಕು ಪಟ್ಟು ಮೇಲಿಂದ ಬಿದ್ದರೂ ಎದ್ದು ಓಡುತ್ತದೆ. ನಿಜವಾದ ಜೀಪು ಹಾಗೆ ಬಿದ್ದರೆ ಗುಜರಿಗೇ. ಯಾಕೆ? ಉದ್ದ ಹತ್ತನೇ ಒಂದಾದರೆ ಕೊಳವೆಯ ಅಡ್ಡಕೊಯ್ತ ನೂರನೇ ಒಂದು ಪಾಲಾಗುತ್ತದೆ. ತೂಕ ಮಾತ್ರ ಸಾವಿರದ ಒಂದು ಪಾಲಾಗುತ್ತದೆ. ಹೊರುವ ಶಕ್ತಿಗಿಂತ ಹೊರೆ ಹತ್ತು ಪಟ್ಟು ಬೇಗ ಇಳಿಯಿತು. ಇರುವೆ ಮಾಳಿಗೆಯಿಂದ ಬಿದ್ದು ನಡೆದುಹೋಗುವ ಗುಟ್ಟು ಇದೇ.

ದೊಡ್ಡದಕ್ಕೆ ಈ ರಿಯಾಯಿತಿ ಇಲ್ಲ. ಅದಕ್ಕೇ ನಿಜವಾದ ರ‍್ಯಾಲಿ ಕಾರಿನ ಮುಖ್ಯ ಕಮಾನಿಗೆ ೪೫ ಮಿಲಿಮೀಟರ್ ಹೊರ ಅಳತೆ, ಎರಡೂವರೆ ಮಿಲಿಮೀಟರ್ ದಪ್ಪದ ಉಕ್ಕಿನ ಕೊಳವೆ ಇರಬೇಕೆಂದು ಅಂತರರಾಷ್ಟ್ರೀಯ ನಿಯಮವಿದೆ. ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ೨೦೦೭ರಲ್ಲಿ ಮಧ್ಯಪ್ರದೇಶದ ಪೀತಾಂಪುರದಲ್ಲಿ ಶುರುವಾದ ಬಾಹಾ ಸ್ಪರ್ಧೆಯಲ್ಲಿ ನಮ್ಮ ರಾಜ್ಯದ ಕಾಲೇಜುಗಳೂ ಭಾಗವಹಿಸಿವೆ. ಅಲ್ಲಿ ಹುಡುಗರೇ ಕಟ್ಟಿದ ಬಗ್ಗಿಯಲ್ಲಿ ಹುಡುಗರೇ ಕೂತು ಓಡಿಸಬೇಕು. ಪಂಜರ ಸರಿಯಿಲ್ಲದ ಬಂಡಿಗೆ ಮೈದಾನಕ್ಕೆ ಪ್ರವೇಶವಿಲ್ಲ.

ನಾವು ದಿನಾ ಹತ್ತುವ ಬಸ್ಸಿಗೂ ಪಂಜರವೇ ಆಧಾರ. ತಗಡಿನೊಳಗೆ ಅಡಗಿರುವುದರಿಂದ ಕಾಣುವುದಿಲ್ಲ, ಅಷ್ಟೆ. ಬಸ್ಸಿನ ಕಟ್ಟುಗಳಿಗೆ ಎಐಎಸ್-೦೩೧ ಎಂಬ ಮಾನದಂಡವಿದೆ. ಬಸ್ಸು ಮಗುಚಿದರೂ ಪ್ರಯಾಣಿಕರು ಕೂತ ಜಾಗ ಅಪ್ಪಚ್ಚಿಯಾಗಬಾರದು ಎಂಬುದೇ ಅದರ ತಿರುಳು. ಕಿಟಕಿ ಕಂಬ, ಚಾವಣಿ ಕಮಾನು, ನೆಲದ ಅಡ್ಡತೊಲೆ ಒಂದೇ ಬಳೆಯಂತೆ ಕೂಡಿಕೊಂಡಿದ್ದರೆ ಜೀವ ಉಳಿಯುತ್ತದೆ. ಹೊರಗಿನ ಬಣ್ಣ, ಒಳಗಿನ ಟೀವಿ ನೋಡಿ ಬಸ್ಸು ಹತ್ತುವ ನಾವು ಈ ಕಂಬಗಳ ಬಗ್ಗೆ ಯಾವತ್ತಾದರೂ ಕೇಳಿದ್ದೇವೆಯೇ?

ಕಸುಬಿನ ಪಾಡು

ಮೇಸ್ತ್ರಿಯ ಮಾತಿಗೆ ಬರೋಣ. ಹಿಂದೆ ಲಾರಿ, ಕಾರುಗಳ ರೇಡಿಯೇಟರ್ ತಾಮ್ರ-ಹಿತ್ತಾಳೆಯವು. ಸೋರಿದರೆ ಬಿಚ್ಚಿ, ತೊಳೆದು, ಬೆಸುಗೆ ಹಾಕಿ ಕೊಟ್ಟರೆ ವರ್ಷಗಟ್ಟಲೆ ನಡೆಯುತ್ತಿತ್ತು. ಈಗಿನ ಕಾರುಗಳಿಗೆ ಬರುವುದು ಅಲ್ಯೂಮಿನಿಯಂ ಜಾಲರಿ, ಪ್ಲಾಸ್ಟಿಕ್ ಟ್ಯಾಂಕು. ಅದಕ್ಕೆ ತವರದ ಬೆಸುಗೆ ಹತ್ತುವುದಿಲ್ಲ. ಸೋರಿತೋ, ಎಸೆದು ಹೊಸದು ಹಾಕು.

"ಹಳೇ ಟ್ರ್ಯಾಕ್ಟರು, ಹಳೇ ಜನರೇಟರು ಇರೋ ತನಕ ನಮ್ಮ ಅನ್ನ. ಮಗನಿಗೆ ಕಲಿಸಿಲ್ಲ. ಕಲಿಸಿ ಏನು ಮಾಡೋದು? ಅವನು ಮೊಬೈಲ್ ಅಂಗಡೀಲಿದಾನೆ. ಈ ಹುಡುಗ್ರು ಬಂದ ಮೇಲೆ ಮತ್ತೆ ಸಣ್ಣ ಬೆಸುಗೆ ಕೈಗೆ ಹತ್ತಿದೆ. ಇದ್ರಲ್ಲಿ ಹೊಟ್ಟೆ ತುಂಬೋಲ್ಲ ಬಿಡಿ. ಆದ್ರೆ ಕೇಳೋರಿದಾರಲ್ಲ" ಎಂದರು ಮೇಸ್ತ್ರಿ.

ಹುಡುಗನ ಹೊಸ ಪಂಜರ ಈಗ ಹಲವು ಸಲ ಉರುಳಿದೆ. ಬಣ್ಣ ಕೆತ್ತಿದೆ, ಒಂದು ಸೈಕಲ್ ಕಡ್ಡಿಯ ಬೆಸುಗೆ ಬಿಟ್ಟಿತ್ತು, ಅದನ್ನು ಅವನೇ ಹಾಕಿಕೊಂಡ. ಕಾಲೇಜಿನಲ್ಲಿ ತ್ರಿಕೋನದ ಬಲದ ಲೆಕ್ಕ ಪರೀಕ್ಷೆಗೆ ಬರೆದಿದ್ದನಂತೆ. "ಆಗ ಮಾರ್ಕ್ಸ್ ಬಂತು ಸಾರ್, ಅರ್ಥ ಈಗ ಆಯ್ತು" ಎಂದ.

ಐ.ಟಿ.ಐ.ಗಳಲ್ಲಿ ವೆಲ್ಡರ್ ತರಗತಿ ಇದೆ, ಶೀಟ್ ಮೆಟಲ್ ತರಗತಿ ಇದೆ. ಇಂಥ ಮೇಸ್ತ್ರಿಗಳನ್ನು ತಿಂಗಳಿಗೊಂದು ದಿನ ಕರೆದು, ದಿನಗೂಲಿ ಕೊಟ್ಟು, ಹುಡುಗರ ಮುಂದೆ ಕೂರಿಸಿದರೆ ಯಾರ ಗಂಟೂ ಹೋಗುವುದಿಲ್ಲ. ಕಾಲೇಜಿನವರೂ ಈ ಮಾತನ್ನು ಕಿವಿಗೆ ಹಾಕಿಕೊಳ್ಳಲಿ. ಗುಜರಿ ಅಂಗಡಿಯವರಲ್ಲಿ ಇನ್ನೊಂದು ಬಿನ್ನಹ: ಹಳೇ ರೇಡಿಯೇಟರಿನ ಹಿತ್ತಾಳೆ ಟ್ಯಾಂಕು, ಕೊಳವೆ ತುಂಡು ಬಂದರೆ ಎಲ್ಲವನ್ನೂ ಒಟ್ಟಿಗೆ ಕರಗಿಸಲು ಕಳಿಸಬೇಡಿ. ತೂಕದ ಬೆಲೆ ಕೊಟ್ಟು ಒಯ್ಯುವ ಹುಡುಗರು ಈ ಊರಿನಲ್ಲೇ ಇದ್ದಾರೆ. ಅವರಿಗೆ ಬೇಕಿರುವುದು ಗೇಣುದ್ದದ ತುಂಡುಗಳಷ್ಟೆ.